ಧರಣೇಂದ್ರಣ್ಣನ ಕೆಂಪು ಗಾಡಿಯ ಜಾರಾಟ

ನಮ್ಮೂರಿನಲ್ಲಿ ಹಳೆಯ ಗಾಡಿ ಕೊಳ್ಳುವವರು ಇಂಜಿನ್ ನೋಡುವುದು ಆಮೇಲೆ; ಮೊದಲು ಮಾರುವವನ ನಡತೆ ವಿಚಾರಿಸುತ್ತಾರೆ. ಸ್ಟಿಯರಿಂಗ್ ಮೇಲಿನ ಕೈ ಸ್ವಲ್ಪ ಸಡಿಲವಾದರೆ ಸಾಕು, ಗಾಡಿ ತನ್ನ ಹಿಂದಿನ ಯಜಮಾನ ಹೋಗುತ್ತಿದ್ದ ಕಡೆಗೇ ತಿರುಗುತ್ತದೆ. ಇದಕ್ಕೆ ನಾವು ರೂಢಿ ಎನ್ನುತ್ತೇವೆ. ನಾನು ಹುಡುಗಿಯಾಗಿದ್ದಾಗ ನಮ್ಮ ಹೆಡ್‌ಮಾಸ್ತರು ಅಗ್ಗಕ್ಕೆ ಸಿಕ್ಕಿತೆಂದು ಇಸ್ಪೀಟಾಡುವವನೊಬ್ಬನ ಸ್ಕೂಟರ್ ಕೊಂಡಿದ್ದರು. ಪಾಪ, ತಿಂಗಳುಗಟ್ಟಲೆ ಇಸ್ಪೀಟಿನ ಅಡ್ಡೆಯ ಎದುರು ನಿಂತು ಬೆವರು ಒರೆಸಿಕೊಂಡು ಶಾಲೆಗೆ ತಡವಾಗಿ ಬರುತ್ತಿದ್ದರು. ಆಮೇಲೆ ಅವರಿಗೂ ಇಸ್ಪೀಟು ಬಂತು.

ಮನೆಯಲ್ಲಿ ಗಂಡಸೋ ಹೆಂಗಸೋ ತೀರಿಕೊಂಡರೆ ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಗಾಡಿ ಬಿಡುವ ಕ್ರಮವೂ ಇತ್ತು. ಮನೆಯವರು ಗಾಡಿಯಲ್ಲಿ ಕೂತು, ಸ್ಟಾರ್ಟ್ ಮಾಡಿ, ಕೈ ಬಿಡುವುದು. ಅದು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಇಳಿದು, ಹೋದವರ ಪರವಾಗಿ ಕೈಮುಗಿದು ಬರುವುದು. ಹೆಚ್ಚಾಗಿ ಹೋಟೆಲು, ಕ್ಷೌರದಂಗಡಿ, ಹಳೆಯ ಸ್ನೇಹಿತನ ಜಗಲಿ, ಇಷ್ಟೇ. ಒಮ್ಮೊಮ್ಮೆ ಮಾತ್ರ ಗಾಡಿ ಯಾವುದೋ ಗಲ್ಲಿಗೆ ಹೊಕ್ಕು, ಯಾರದೋ ತುಳಸಿಕಟ್ಟೆಯ ಎದುರು ನಿಂತು, ಒಳಗಿನಿಂದ ಅಪರಿಚಿತ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಹೊರಗೆ ಬಂದದ್ದೂ ಉಂಟು. ಅಂಥ ದಿನ ಊರಿಗೆ ಊರೇ ಊಟ ಬಿಟ್ಟು ಮಾತಾಡುತ್ತಿತ್ತು.

ನನ್ನ ಅಣ್ಣ ಧರಣೇಂದ್ರನಿಗೆ ಈ ರೂಢಿ ನೋಡುವುದೇ ಕೆಲಸ. ಗಾಡಿ ವ್ಯಾಪಾರಕ್ಕೆ ಬಂದರೆ ಅವನನ್ನು ಕರೆಸುತ್ತಿದ್ದರು. ಅವನು ಬಿಳಿ ಷರಟಿನ ಕೈ ಮಡಚಿ, ಕೂತು, ಕೈ ಬಿಟ್ಟು, ಗಾಡಿ ಕರೆದಲ್ಲಿಗೆ ಹೋಗಿ ಬಂದು ಹೇಳುತ್ತಿದ್ದ: "ಸಾಧು ಗಾಡಿ, ತೆಗೊಳ್ಳಿ," ಇಲ್ಲವೇ "ಬೇಡ, ಇದಕ್ಕೆ ಸಂಜೆಯ ಹೊತ್ತು ಬಾಯಾರಿಕೆ ಆಗ್ತದೆ." ಊರಿನಲ್ಲಿ ಅವನಷ್ಟು ನಿಧಾನವಾಗಿ ಗಾಡಿ ಓಡಿಸುವವರು ಇರಲಿಲ್ಲ. ಎಮ್ಮೆಗಳು ಅವನನ್ನು ಹಿಂದೆ ಹಾಕುತ್ತಿದ್ದವು. ಅಂಥವನ ಹತ್ತಿರ ಇದ್ದದ್ದು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಕೆಂಪು ರೇಸಿನ ಗಾಡಿ. ಬಂದರಿಗೆ ಬಂದ ಕಪ್ತಾನನೊಬ್ಬ ಬಿಟ್ಟುಹೋದದ್ದು. ಸನ್ಯಾಸಿಗೆ ಕಿರೀಟ ಇಟ್ಟ ಹಾಗೆ ಕಾಣುತ್ತದೆ ಎಂದು ನಾನು ಗೇಲಿ ಮಾಡಿದರೆ ನಗುತ್ತಿದ್ದ.

ಆದರೆ ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಆ ಗಾಡಿ ತೆಗೆದುಕೊಂಡು ಒಬ್ಬನೇ ಹೊರಡುತ್ತಿದ್ದ. ಸಂಜೆ ಬರುವಾಗ ಗಾಡಿ ತೊಳೆದು ಫಳಫಳ ಎನ್ನುತ್ತಿತ್ತು. ಧೂಳು ಹಿಡಿದು ಹೋದ ಗಾಡಿ ಸ್ನಾನ ಮಾಡಿ ಬಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನನ್ನ ಮರುದೇವಿ ಅತ್ತಿಗೆ ಸುಮ್ಮನಿದ್ದರು. ಒಮ್ಮೆ ಕೇಳಿದರಂತೆ. ಅಣ್ಣ, "ಹೀಗೇ, ಗಾಳಿಗೆ," ಎಂದನಂತೆ. ಮತ್ತೆ ಕೇಳಲಿಲ್ಲ. ಕೇಳದೆ ಉಳಿದ ಮಾತು ಅಜೀರ್ಣವಿದ್ದ ಹಾಗೆ. ಹೊರಗೂ ಬರುವುದಿಲ್ಲ, ಒಳಗೂ ಇರುವುದಿಲ್ಲ.

ಅಣ್ಣ ಜ್ವರದಲ್ಲಿ ಹೋದ. ಮೂರೇ ದಿನ ಮಲಗಿದ್ದು. ಗಾಡಿ ಬಿಡುವ ದಿನ ಬಂದಾಗ ಅತ್ತಿಗೆ, "ಈಗ ಬೇಡ, ಮಳೆ ಕಳೀಲಿ," ಎಂದರು. ಮಳೆ ಕಳೆಯಿತು, "ಚಳಿ ಕಳೀಲಿ," ಎಂದರು. ಅಷ್ಟರಲ್ಲಿ ಇಂಜಿನ್ ಒಳಗೇ ತುಕ್ಕು ಹಿಡಿದು ಬಿಗಿದುಕೊಂಡಿತು. ಊರ ಬಾಯಿಗೆ ಬೀಗ ಹಾಕುವವರಾರು? ಗಾಡಿ ಬಿಡದ ಮನೆ ಎಂದು ಹೆಸರು ಬಂತು. ಮದುವೆ ಮುಂಜಿಗಳಲ್ಲಿ ಹೆಂಗಸರು ಅತ್ತಿಗೆಗೆ ಎರಡು ಸಲ ಪಾಯಸ ಬಡಿಸತೊಡಗಿದರು. ಆ ಎರಡನೇ ಸೌಟಿನಲ್ಲಿ ಇರುವ ಕನಿಕರವನ್ನು ಅವರು ಒಂದು ಹನಿಯೂ ಬಿಡದೆ ಕುಡಿಯುತ್ತಿದ್ದರು.

ಜಾರಾಟ ಎಂಬ ಆಟ ನಮ್ಮೂರಿಗೆ ಬಂದದ್ದು ಅಣ್ಣ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ. ಹೊರಗಿನವರು ಡ್ರಿಫ್ಟ್ ಎನ್ನುತ್ತಾರಂತೆ. ಮುಚ್ಚಿಹೋದ ಹಂಚಿನ ಕಾರ್ಖಾನೆಯ ಜೇಡಿಮಣ್ಣಿನ ಅಂಗಳಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿ, ಅಲ್ಲಿ ಗಾಡಿಯ ಹಿಂಭಾಗವನ್ನು ಅಡ್ಡಡ್ಡ ಜಾರಿಸುತ್ತ ಚಿಮಣಿಗೆ ಸುತ್ತು ಬರಬೇಕು. ಚಕ್ರ ನೆಲದ ಹಿಡಿತ ಬಿಟ್ಟ ಆ ಗಳಿಗೆಯಲ್ಲಿ ಗಾಡಿಗೆ ಯಾರ ರೂಢಿಯೂ ಇರುವುದಿಲ್ಲ, ಅದೇ ಈ ಆಟದ ಸೊಗಸು ಎಂದು ನಾವು ನಂಬಿದ್ದೆವು. ಜನ್ಮವಿಡೀ ಇನ್ನೊಬ್ಬರ ದಾರಿಯಲ್ಲೇ ತಿರುಗಿದ ನಮಗೆ ಅದನ್ನು ನೋಡಿದರೆ ಎದೆ ಹಗುರವಾಗುತ್ತಿತ್ತು. ನಾನು ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿ ಇಟ್ಟವಳು. ಜೀವನವೆಲ್ಲ ಊರಿನವರ ಟೈರಿಗೆ ಹಿಡಿತ ಕೊಟ್ಟು ಕೊಟ್ಟು ಸಾಕಾಗಿತ್ತು. ಒಂದು ಸಲವಾದರೂ ಜಾರಬೇಕು ಎಂದು ಆಸೆ ಹುಟ್ಟಿತು. ದುಡ್ಡಿರಲಿಲ್ಲ. ಇದ್ದದ್ದು ಅತ್ತಿಗೆಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಆ ಕೆಂಪು ಗಾಡಿ ಒಂದೇ.

ಹೆದರುತ್ತಲೇ ಕೇಳಿದೆ. ಅತ್ತಿಗೆ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಜಾರುವ ಗಾಡಿಗೆ ರೂಢಿ ಉಳಿಯುದಿಲ್ಲ ಅಂತಾರಲ್ಲ, ಹೌದಾ ವಿಮಲಾ?"

"ಹಾಗಂತಾರೆ ಅತ್ತಿಗೆ."

"ಹಾಗಾದ್ರೆ ತೆಗೊಂಡೋಗು. ಆದ್ರೆ ಮೊದ್ಲು ಸ್ಟಿಯರಿಂಗ್ ಕಿತ್ತು ನನ್ನ ಕೈಗೆ ಕೊಡ್ಬೇಕು. ಅದನ್ನು ಕೀಳುವ ತನಕ ಇಂಜಿನ್ ಮುಟ್ಟಬಾರ್ದು. ಗಾಡಿಗೆ ಯಾವ ದಾರಿಯೂ ನೆನಪಿರಬಾರ್ದು. ನಿನಗೂ ಗೊತ್ತಾಗಬಾರ್ದು, ನನಗೂ ಗೊತ್ತಾಗಬಾರ್ದು."

ನನ್ನ ಅಣ್ಣನ ಕೊನೆಯ ಸುಳಿವನ್ನು ಅಳಿಸಲು ನನಗೇ ಹೇಳುತ್ತಿದ್ದರು. ಅಣ್ಣ ಎಲ್ಲಿಗೆ ಹೋಗುತ್ತಿದ್ದ ಎಂದು ತಿಳಿಯುವ ಆಸೆ ನನಗೆ ಅವರಿಗಿಂತ ಕಡಿಮೆ ಇರಲಿಲ್ಲ. ಆದರೂ ಆಗಲಿ ಎಂದೆ. ಅವರ ಕೈಯಲ್ಲಿ ಹಪ್ಪಳವೊಂದು ಹರಿದದ್ದನ್ನು ನೋಡಿದ ಮೇಲೆ ಇನ್ನೇನು ಹೇಳಲಿ?

ಕೆಲಸಕ್ಕೆ ಲಿಗೋರಿ ಮೇಸ್ತ್ರಿಯನ್ನು ಕರೆದೆ. ಅವನು ಅಣ್ಣನ ಹಳೆಯ ಸ್ನೇಹಿತ, ಒಳ್ಳೆಯ ವೆಲ್ಡರ್, ಬಾಯಿ ಮಾತ್ರ ಬೊಂಬಾಯಿ. ಬಂದವನೇ ಗಾಡಿಗೆ ಒಂದು ಸುತ್ತು ಹೊಡೆದು ಪಿಸುಗುಟ್ಟಿದ.

"ಮೊದ್ಲು ಇಂಜಿನ್ ಬಿಡಿಸುವ ವಿಮಲಕ್ಕ. ಒಂದೇ ಒಂದು ಸುತ್ತು ಕೈ ಬಿಟ್ಟು ನೋಡುವ. ಗೊತ್ತಾದ್ರೆ ನಮ್ಮಿಬ್ಬರಿಗೆ ಗೊತ್ತಾಯ್ತು. ಬಾಯಿ ಮುಚ್ಚಿ ಕೂತ್ರಾಯ್ತಲ್ಲ."

"ಯಾರ ಬಾಯಿ? ನಿನ್ನದಾ?"

"ಅದೂ ಹೌದು," ಎಂದು ಅವನೇ ಒಪ್ಪಿಕೊಂಡು ಸ್ಪ್ಯಾನರ್ ಎತ್ತಿಕೊಂಡ. ರೂಢಿ ಇರುವುದು ಸ್ಟಿಯರಿಂಗಿನಲ್ಲೇ ಎಂದು ಲಿಗೋರಿಯ ವಾದ. ಬೇಕಿದ್ದರೆ ಬರೆದು ಕೊಡುತ್ತೇನೆ ಎಂದ. ಊರಿನ ಅರ್ಧದಷ್ಟು ಮೇಸ್ತ್ರಿಗಳದ್ದೂ ಅದೇ ಮಾತು. ಇನ್ನರ್ಧ ಜನ ಗೇರ್‌ಬಾಕ್ಸ್ ಎನ್ನುತ್ತಿದ್ದರು.

ಕಿತ್ತ ಸ್ಟಿಯರಿಂಗನ್ನು ಅತ್ತಿಗೆ ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಅಳಿವೆಯ ತನಕ ಬಂದರು. ನಾನು ಪಕ್ಕದಲ್ಲಿದ್ದೆ. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಮೊಣಕಾಲುದ್ದ ನೀರಿಗೆ ಇಳಿದು, ಅಣ್ಣನ ಕೈಯಿಂದ ನುಣುಪಾದ ಆ ಚಕ್ರವನ್ನು ಒಮ್ಮೆ ಎರಡೂ ಕೈಯಲ್ಲಿ ಹಿಡಿದರು, ಅವನು ಹಿಡಿಯುತ್ತಿದ್ದ ಹಾಗೆ. ಮರುಗಳಿಗೆ ಬಿಸಾಡಿದರು. "ಆಯ್ತು, ಒಂದು ಮುಗೀತು," ಎಂದರು. ಬರುವಾಗ ದಾರಿಯಲ್ಲಿ ಇಬ್ಬರೂ ಗೋಳಿಬಜೆ ತಿಂದೆವು. ಅವರು ಮೂರು ತಿಂದರು. ಮುಗಿದದ್ದೇ ಆದರೆ ಅಷ್ಟು ಹಸಿವು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ಆ ನಂತರದ ದಿನಗಳೇ ನನ್ನ ಬಾಳಿನ ಚಂದದ ದಿನಗಳು ಎಂದು ಈಗ ಅನ್ನಿಸುತ್ತದೆ. ಅಂಗಡಿ ಬಾಗಿಲು ಮಧ್ಯಾಹ್ನವೇ ಹಾಕಿ ಕೊಟ್ಟಿಗೆಗೆ ಓಡುತ್ತಿದ್ದೆ. ಲಿಗೋರಿ ಪ್ಲಗ್ಗಿನ ತೂತುಗಳಿಗೆ ಡೀಸೆಲ್ ಸುರಿದು ಇಂಜಿನ್ನನ್ನು ನೆನೆಹಾಕಿದ, ಉದ್ದಿನಬೇಳೆ ನೆನೆಹಾಕಿದಷ್ಟೇ ತಾಳ್ಮೆಯಿಂದ. ವಾರ ಕಳೆದು ಗಾಡಿಯನ್ನು ಗೇರಿನಲ್ಲಿ ಹಿಂದೆ ಮುಂದೆ ನೂಕಿದಾಗ ಅದು ಕೆಮ್ಮಿ ಸಡಿಲವಾಯಿತು. ಹಗುರ ಮಾಡಲೆಂದು ಬಾಗಿಲಿನ ಒಳಹೊದಿಕೆ, ನೆಲದ ರಗ್ಗು, ಹಿಂದಿನ ಗಾಜು, ಸ್ಟೆಪ್ನಿ ಎಲ್ಲ ತೆಗೆದೆವು. ಅತ್ತಿಗೆ ರಗ್ಗನ್ನು ಒಗೆದು ಬಚ್ಚಲಿನ ಹೊರಗೆ ಕಾಲೊರೆಸಲು ಹಾಕಿದರು. ಹ್ಯಾಂಡ್‌ಬ್ರೇಕಿನ ಹಿಡಿಗೆ ನಲ್ಲಿಯ ಪೈಪು ಬೆಸೆದು ಉದ್ದ ಮಾಡಿದೆವು. ಮುಂದಿನ ಚಕ್ರಗಳು ಇನ್ನಷ್ಟು ಓರೆ ತಿರುಗಲೆಂದು ಲಿಗೋರಿ ಅಲ್ಲೊಂದು ತುಂಡು ಕತ್ತರಿಸಿ ಇಲ್ಲೊಂದು ತುಂಡು ಸೇರಿಸಿದ. ಹೊಸ ಸ್ಟಿಯರಿಂಗ್ ಡ್ರೈವಿಂಗ್ ಶಾಲೆಯ ಗುಜರಿ ಕಾರಿನದು. ಸಾವಿರ ಜನ ಹಿಡಿದು ನಡುಗಿಸಿದ್ದರಿಂದ ಅದಕ್ಕೆ ಯಾರ ರೂಢಿಯೂ ಅಂಟಿರಲಿಲ್ಲ. ನಡುಕ ಮಾತ್ರ ಉಳಿದಿತ್ತು.

ಎಡವಿದ್ದು ಹಿಂದಿನ ಚಕ್ರಗಳ ವಿಷಯದಲ್ಲಿ. ಜಾರಾಟಕ್ಕೆ ಹಿಂದಿನ ಎರಡೂ ಚಕ್ರ ಒಂದೇ ಸಮ ತಿರುಗಬೇಕು. ಅದಕ್ಕಾಗಿ ನಡುವಿನ ಡಿಫರೆನ್ಶಿಯಲಿನ ಹಲ್ಲುಗಳನ್ನು ಬೆಸೆದುಬಿಡುತ್ತಾರೆ. ನಮ್ಮ ಗಾಡಿಯದ್ದು ಬೆಸೆಯುವಾಗಲೇ ಬಿರುಕು ಬಿಟ್ಟಿತು. ಗುಜರಿಯಲ್ಲಿ ಅಳತೆಗೆ ಸರಿಯಾಗಿ ಸಿಕ್ಕಿದ್ದು ಹಾಲಿನ ವ್ಯಾನಿನದು ಒಂದೇ. ಅದನ್ನೇ ಬೆಸೆದು ಹಾಕಿ ಬೀದಿಗೆ ಇಳಿಸಿದೆವು ನೋಡಿ, ಗಾಡಿ ಮೊದಲ ಮನೆಯ ಎದುರು ನಿಂತಿತು. ಎರಡನೇ ಮನೆಯ ಎದುರೂ ನಿಂತಿತು. ಹೆಂಗಸರು ಪಾತ್ರೆ ಹಿಡಿದು ಹೊರಗೆ ಬಂದರು. ಒಬ್ಬ ಅಜ್ಜಿ, "ನಿನ್ನೆಯದ್ದು ನೀರು ನೀರು ಇತ್ತು," ಎಂದು ನನ್ನನ್ನೇ ಬೈದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಬೆಸೆದರೂ ಹೋಗಿರಲಿಲ್ಲ. ಅದನ್ನು ಬಿಡಿಸಲು ಹಾಲಿನವನ ದಾರಿಯನ್ನು ಕೊನೆಯ ಮನೆಯಿಂದ ಮೊದಲ ಮನೆಗೆ, ಎಲ್ಲೂ ನಿಲ್ಲಿಸದೆ, ದಿನವೂ ಓಡಿಸಿದೆ. ನಾಯಿಗಳು ಅಟ್ಟಿಸಿಕೊಂಡು ಬಂದವು. ಅತ್ತಿಗೆ ಗೇಟಿನಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ, ಮತ್ತೊಮ್ಮೆ ನೋಡುವುದಕ್ಕಾಗಿ ಇನ್ನೊಂದು ಸುತ್ತು ಹೆಚ್ಚೇ ಹೊಡೆದೆ.

ಹಾಲಿನ ರೂಢಿ ಬಿಟ್ಟಿತು. ಆಮೇಲೆ ಕೈ ಸಡಿಲಿಸಿದರೆ ಗಾಡಿ ಎತ್ತಲೂ ಎಳೆಯಲಿಲ್ಲ. ಅಣ್ಣ ಚಹಾ ಕುಡಿಯುತ್ತಿದ್ದ ಹೋಟೆಲಿನ ಎದುರು ಬೇಕೆಂದೇ ನಿಧಾನ ಮಾಡಿದೆ. ತಿರುಗಲಿಲ್ಲ. ಕ್ಷೌರದಂಗಡಿಯ ಹತ್ತಿರವೂ ಇಲ್ಲ. "ಹೇಳಿದ್ನಲ್ಲ, ಸ್ಟಿಯರಿಂಗೇ!" ಎಂದು ಲಿಗೋರಿ ಮೀಸೆ ತಿರುವಿದ. ಅತ್ತಿಗೆ ಆ ದಿನ ಅಕ್ಕಿ ಆರಿಸುತ್ತ ಕೂತಿದ್ದರು. ಸುದ್ದಿ ಹೇಳಿದೆ. "ಒಳ್ಳೇದಾಯ್ತು," ಎಂದರು. ಅಕ್ಕಿಯಲ್ಲಿ ಕಲ್ಲು ಇಲ್ಲದಿದ್ದರೂ ಬಹಳ ಹೊತ್ತು ಆರಿಸಿದರು. ನನಗೂ ಆ ದಿನ ಊಟ ಸೇರಲಿಲ್ಲ. ಅಣ್ಣ ಎರಡನೇ ಸಲ ಸತ್ತ ಹಾಗಾಗಿತ್ತು.

ಜಾರಾಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸ್ಪರ್ಧೆಯ ಗಾಡಿ ಅದಕ್ಕೆ ಮೊದಲು ಆ ಅಂಗಳಕ್ಕೆ ಕಾಲಿಟ್ಟಿರಬಾರದು. ಮೊದಲೇ ತಂದು ಓಡಿಸಿದರೆ ಗಾಡಿ ಅಂಗಳದ ರೂಢಿ ಕಲಿತುಬಿಡುತ್ತದಲ್ಲ, ಆಮೇಲೆ ಓಡಿಸುವವರ ಕೈಚಳಕ ಏನು ಬಂತು? ಹಾಗಾಗಿ ಆಟದ ಸಮಿತಿಯವರು ಗೇಟಿಗೆ ಸರಪಣಿ ಹಾಕಿ ಇಡುತ್ತಿದ್ದರು. ಆಟದ ದಿನ ಗಾಡಿ ಯಾವ ಮನೆಯದ್ದೋ ಆ ಮನೆಯ ಹಿರಿಯರು ಎಲ್ಲರ ಎದುರು ಸಾಕ್ಷಿ ಹೇಳಿ, ಪಕ್ಕದ ಸೀಟಿನಲ್ಲಿ ಕೂರಬೇಕಿತ್ತು. ನಮ್ಮ ಗಾಡಿಗೆ ಹಿರಿಯರೆಂದರೆ ಅತ್ತಿಗೆಯೇ.

ಅವರು ಬರಲಾರರು ಎಂದುಕೊಂಡಿದ್ದೆ. ಕಂದು ಅಂಚಿನ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ನನಗಿಂತ ಮೊದಲೇ ಗಾಡಿಯ ಹತ್ತಿರ ನಿಂತಿದ್ದರು. ಅಂಗಳದ ಸುತ್ತ ಊರೇ ಸೇರಿತ್ತು. ಪಾಯಸದವರೂ ಇದ್ದರು. ಸಮಿತಿಯ ಅಧ್ಯಕ್ಷ ಅನಂತರಾಜಯ್ಯ ಅಂಚೆ ಕಚೇರಿಯಿಂದ ನಿವೃತ್ತರಾದವರು. ಸೀಟಿಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. "ಹೇಳಿ ಮರುದೇವಮ್ಮ," ಎಂದರು. ಅತ್ತಿಗೆ ಬಾನೆಟ್ಟಿನ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವಂತೆ, "ನನ್ನ ಮನೆಯ ಈ ಗಾಡಿ ಈ ಅಂಗಳವನ್ನು ನೋಡಿಲ್ಲ. ಸುಳ್ಳಾದ್ರೆ ನನ್ನ ಮಾತಿಗೆ ಬೆಲೆ ಬೇಡ," ಎಂದರು.

ಅತ್ತಿಗೆ ನನ್ನ ಪಕ್ಕದಲ್ಲಿ ಕೂತರು, ಅನಂತರಾಜಯ್ಯ ಸೀಟಿ ಊದಿದರು. ಮೊದಲ ತಿರುವು ಹೇಗೋ ಆಯಿತು. ಹಿಂಭಾಗ ಸ್ವಲ್ಪ ಜಾರಿ, ನಾನು ಹೆದರಿ ಎಳೆದು, ಮತ್ತೆ ನೇರವಾಯಿತು. ಯಾರೋ ನಕ್ಕರು. ಚಿಮಣಿಯ ಹತ್ತಿರ ಬಂದಾಗ ಸಿಟ್ಟಿನಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ಒಮ್ಮೆಲೇ ಅಡ್ಡಡ್ಡ ಹೊರಟಿತು. ಸ್ಟಿಯರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಗರಗರ ತಿರುಗಿತು. ನಾನು "ಅಯ್ಯೋ" ಎಂದು ಎರಡೂ ಕೈ ಮೇಲೆತ್ತಿದೆ. ಕಾಲು ಮಾತ್ರ ಭಯಕ್ಕೆ ಎಕ್ಸಿಲರೇಟರಿನ ಮೇಲೆ ಹಾಗೇ ಒತ್ತಿಕೊಂಡಿತ್ತು. ಗೋಡೆಗೆ ಬಡಿಯುತ್ತೇವೆ ಎಂದು ಕಣ್ಣು ಮುಚ್ಚಿದೆ. ಬಡಿಯಲಿಲ್ಲ. ಕಣ್ಣು ತೆರೆದರೆ ಸ್ಟಿಯರಿಂಗ್ ತಾನಾಗಿಯೇ ಎದುರು ದಿಕ್ಕಿಗೆ ತಿರುಗಿ ನಿಂತಿತ್ತು. ಗಾಡಿ ಚಿಮಣಿಯನ್ನು ಒಂದು ಮೊಳ ದೂರದಲ್ಲಿಟ್ಟು ಸುತ್ತುತ್ತಿತ್ತು, ಹಿಂಭಾಗ ಹೊರಗೆ, ಮೂತಿ ಒಳಗೆ, ಬೆಣ್ಣೆಯಲ್ಲಿ ಬೆರಳು ಆಡಿಸಿದಷ್ಟು ನಯವಾಗಿ. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಹಂಚು ಸುಡುವ ಹಳೆಯ ಗೂಡಿನ ಕಡೆಗೆ ಹಾರಿ, ಅಲ್ಲಿ ಎದುರು ದಿಕ್ಕಿಗೆ ಇನ್ನೊಂದು ಸುತ್ತು. ಕೆಂಪು ಮಣ್ಣು ಎದ್ದು ನಮ್ಮಿಬ್ಬರ ಮೈಮೇಲೆ ಬಿತ್ತು. ಅತ್ತಿಗೆ ಒಂದು ಸಲ ಚೀರಿದರು. ಎರಡನೇ ಸಲ ಚೀರಿದಾಗ ಅದು ಹೆದರಿಕೆಯ ಚೀರಾಟ ಆಗಿರಲಿಲ್ಲ. ಹಬ್ಬದ ಉಯ್ಯಾಲೆಯಲ್ಲಿ ಎತ್ತರಕ್ಕೆ ಹೋದ ಹುಡುಗಿಯ ದನಿ ಅದು.

ಮೊದಲು ಕೇಕೆ ಹಾಕಿದ ಜನ ಬರಬರುತ್ತ ನನ್ನ ಮೇಲೆತ್ತಿದ ಕೈಗಳನ್ನೇ ನೋಡತೊಡಗಿದರು. ಗಾಡಿ ತಾನಾಗಿಯೇ ಚಿಮಣಿಯ ನೆರಳಿನಲ್ಲಿ ಬಂದು ನಿಂತಿತು. ಸೀಟಿ ಉದ್ದಕ್ಕೆ ಊದುತ್ತ ಅನಂತರಾಜಯ್ಯ ಓಡಿ ಬಂದರು.

"ಮೋಸ! ಕೈ ಮೇಲಿತ್ತು, ಎಲ್ಲರೂ ನೋಡಿದ್ದಾರೆ. ಈ ಗಾಡಿ ಇಲ್ಲಿ ಮೊದಲೇ ಓಡಿದೆ. ಒಂದು ದಿನ ಎರಡು ದಿನ ಅಲ್ಲ ಇದು, ವರ್ಷಗಟ್ಟಲೆಯ ರೂಢಿ. ಮರುದೇವಮ್ಮ, ನಿಮ್ಮಂಥವರು ಸುಳ್ಳು ಸಾಕ್ಷಿ ಹೇಳ್ಬಹುದಾ?"

ನನಗೆ ರೋಷ ಉಕ್ಕಿತು. ಇಳಿದು ಎದುರು ನಿಂತೆ. "ಯಾರ್ರೀ ಮೋಸ ಮಾಡಿದ್ದು? ಗೇಟಿನ ಬೀಗದ ಕೀ ನಿಮ್ಮ ಹತ್ರ ಉಂಟು. ನಾನು ಇದನ್ನು ಇಲ್ಲಿಗೆ ತಂದೇ ಇಲ್ಲ. ನಮ್ಮ ಅಣ್ಣ ಹೋದ ಮೇಲೆ, ನಾನು ಬೀದಿಗೆ ಇಳಿಸುವ ತನಕ, ಇದು ಕೊಟ್ಟಿಗೆಯಿಂದ ಅಲ್ಲಾಡ್ಲಿಲ್ಲ. ಅದಕ್ಕೆ ಮೊದ್ಲು ಇದನ್ನು ಮುಟ್ತಾ ಇದ್ದದ್ದು ಅಣ್ಣ ಒಬ್ಬನೇ..."

ಅಷ್ಟು ಹೇಳಿದವಳು ಅಲ್ಲೇ ನಿಂತುಬಿಟ್ಟೆ. ಅನಂತರಾಜಯ್ಯನವರ ಬಾಯಿಂದ ಸೀಟಿ ಜಾರಿತು. ಲಿಗೋರಿ ಶಿಲುಬೆಯ ಗುರುತು ಮಾಡಿಕೊಂಡ. ಎಮ್ಮೆಗೆ ದಾರಿ ಬಿಡುತ್ತಿದ್ದ ಬಿಳಿ ಷರಟಿನ ಧರಣೇಂದ್ರಣ್ಣ, ಊರಿನ ಗಾಡಿಗಳಿಗೆಲ್ಲ ಸಾಧು ಅಸಾಧು ಎಂದು ಮುದ್ರೆ ಒತ್ತುತ್ತಿದ್ದವನು, ಜಾರಾಟ ಎಂಬ ಹೆಸರೇ ಇಲ್ಲದ ಕಾಲದಲ್ಲಿ, ಪ್ರತಿ ಆದಿತ್ಯವಾರ ಈ ಪಾಳು ಅಂಗಳದಲ್ಲಿ ಒಬ್ಬನೇ ಜಾರುತ್ತಿದ್ದ. ಜನ ನೋಡಿದ್ದರೆ ಅವನ ಮಾತಿನ ಮೇಲೆ ಒಂದು ಸೈಕಲ್ಲೂ ಮಾರಾಟವಾಗುತ್ತಿರಲಿಲ್ಲ. ದಾರಿಗಳ ರೂಢಿ ಸ್ಟಿಯರಿಂಗಿನ ಜೊತೆ ನೀರಿಗೆ ಹೋಗಿತ್ತು, ಜಾರುವ ರೂಢಿ ಗಾಡಿಯ ಮೈಯಲ್ಲೇ ಉಳಿದಿತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಣ್ಣ ಇದ್ದಿದ್ದರೆ ತಬ್ಬಿಕೊಳ್ಳುತ್ತಿದ್ದೆ.

ಅತ್ತಿಗೆ ಇಳಿದರು. ಚಪ್ಪಲಿ ಮಣ್ಣಿನಲ್ಲಿ ಹೂತಿತು, ಅಲ್ಲೇ ಬಿಟ್ಟರು. ಬರಿಗಾಲಿನಲ್ಲಿ ಚಕ್ರದ ಗುರುತಿನ ಮೇಲೆ ನಡೆಯುತ್ತ ಚಿಮಣಿಗೆ ಅರ್ಧ ಸುತ್ತು ಬಂದರು. ಅವರ ಮುಖದಲ್ಲಿ ನೆಮ್ಮದಿ ಹುಡುಕಿದೆ. ಪಾಯಸದ ಹೆಂಗಸರೂ ಅದನ್ನೇ ಹುಡುಕುತ್ತಿದ್ದರು. ಇರಲಿಲ್ಲ. ಅವರ ಮೂಗಿನ ಹೊಳ್ಳೆ ಅರಳಿತ್ತು.

"ಹೆಂಗಸು ಇದ್ದಿದ್ರೆ ಕ್ಷಮಿಸಿಬಿಡ್ತಿದ್ದೆ ವಿಮಲಾ," ಎಂದರು. "ಅದಕ್ಕೆ ತಯಾರಾಗಿ ಕೂತಿದ್ದೆ ನಾನು, ಇಷ್ಟು ವರ್ಷ. ಹೆಂಗಸಿಗೆ ಎಂತ ಹೇಳ್ಬೇಕು ಅಂತ ಕೂಡ ಯೋಚನೆ ಮಾಡಿ ಇಟ್ಟಿದ್ದೆ. ಇದಕ್ಕೆ ಎಂತ ಮಾಡ್ಲಿ? ಇಷ್ಟು ಖುಷಿ ಒಬ್ಬರೇ ತಿಂದ್ರಲ್ಲ. ನಾನು ಮನೇಲಿ ಅವರ ಷರಟಿಗೆ ಗಂಜಿ ಹಾಕ್ತಾ ಕೂತಿದ್ದೆ. ಪಕ್ಕದಲ್ಲಿ ಸೀಟು ಖಾಲಿ ಇತ್ತು. ಬಾ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ತಿರ್ಲಿಲ್ವಾ?"

ಅನಂತರಾಜಯ್ಯ ಕನ್ನಡಕ ಒರೆಸಿಕೊಂಡು, "ಮರುದೇವಮ್ಮ, ನಿಮ್ಮ ಸಾಕ್ಷಿಯಲ್ಲಿ ದೋಷ ಇಲ್ಲ. ಆದ್ರೆ ನಿಯಮ ನಿಯಮವೇ, ಗಾಡಿಯನ್ನು ಆಟಕ್ಕೆ ಸೇರಿಸ್ಲಿಕ್ಕೆ ಆಗುದಿಲ್ಲ. ದಯವಿಟ್ಟು ಹೊರಗೆ ತೆಗೀರಿ," ಎಂದರು.

"ಸೇರಿಸ್ಬೇಡಿ," ಎಂದರು ಅತ್ತಿಗೆ. "ಹೊರಗೆ ಮಾತ್ರ ಈಗ ತೆಗೆಯುದಿಲ್ಲ." ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಹತ್ತಿರ ಹೋದರು. ಕೂತದ್ದು ಸ್ಟಿಯರಿಂಗಿನ ಹಿಂದೆ.

ಓಡಿಹೋಗಿ ಬಾಗಿಲು ಹಿಡಿದೆ. "ಅತ್ತಿಗೆ, ನಿಮಗೆ ಡ್ರೈವಿಂಗ್ ಬರುದಿಲ್ಲ."

"ನನಗೆ ಬರದಿದ್ರೆ ಎಂತ, ಅದಕ್ಕೆ ಬರ್ತದಲ್ಲ. ಎಕ್ಸಿಲರೇಟರ್ ಯಾವುದು, ಅಷ್ಟು ಹೇಳು."

ಹೇಳಿದೆ. ಅವರು ಬರಿಗಾಲನ್ನು ಅದರ ಮೇಲಿಟ್ಟು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಪಕ್ಕಕ್ಕೆ ತಿರುಗಿ ನೋಡಿದರು.

"ನೀನು ಎಂತ ನಿಂತದ್ದು? ಬಾ, ಕೂತ್ಕೋ."